ಡಬ್ಬಿಯಲ್ಲಿ ಉಳಿದ ಶಿಮ್, ಊಳಿಡುವ ಹೌಸಿಂಗ್

ಪ್ರಶ್ನೆ: ಹಿರಿಯಡ್ಕದ ಹತ್ತಿರ ನಮ್ಮ ಮನೆ. ಹಳೆಯ ಟಾಟಾ 407 ಮಿನಿ ಲಾರಿ ಒಂದು ಉಂಟು. ಕೆಂಪುಕಲ್ಲು, ಜಲ್ಲಿ, ಕೆಲವೊಮ್ಮೆ ತೆಂಗಿನಕಾಯಿ ಲೋಡು. ಹಿಂದಿನ ಹೌಸಿಂಗ್‌ನಲ್ಲಿ (ಹಿಂಚಕ್ರಗಳ ನಡುವಿನ ಗೇರು ಪೆಟ್ಟಿಗೆ) ಗುರ್ ಅನ್ನುವ ಶಬ್ದ ಇತ್ತು, ಅದರ ಸಣ್ಣ ಗೇರಾದ ಪಿನಿಯನ್‌ನ ಸೀಲಿನಲ್ಲಿ ಆಯಿಲ್ ಸೋರುತ್ತಿತ್ತು. ಭಾವನ ಜೊತೆ ಸೇರಿ ಅಂಗಳದಲ್ಲೇ ಬಿಚ್ಚಿದೆ. ಪಿನಿಯನ್‌ನ ಎರಡು ಬೇರಿಂಗ್, ಅದು ತಿರುಗಿಸುವ ದೊಡ್ಡ ಗೇರು ಕ್ರೌನ್‌ನ ಎರಡು ಬೇರಿಂಗ್, ಸೀಲ್ ಎಲ್ಲ ಹೊಸದು ಹಾಕಿದೆವು. ಕ್ರೌನ್ ಪಿನಿಯನ್ ಹಳೆಯದೇ. ಶಿಮ್‌ಗಳನ್ನು (ಅಳತೆ ಹೊಂದಿಸುವ ತೆಳು ಬಳೆಗಳು) ತೊಳೆದು ಒಂದು ಡಬ್ಬಿಯಲ್ಲಿಟ್ಟು ವಾಪಸ್ ಹಾಕಿದ್ದು. ಈಗ ಗುರ್ ಶಬ್ದ ಹೋಗಿದೆ. ಆದರೆ 40 ದಾಟಿದ ಕೂಡಲೇ ಊಳಿಡುತ್ತದೆ, ಎಕ್ಸಲರೇಟರ್ ಬಿಟ್ಟರೆ ನಿಲ್ಲುತ್ತದೆ. ಖಾಲಿ ಗಾಡಿ 15 ಕಿ.ಮೀ. ಓಡಿಸಿದರೆ ಹೌಸಿಂಗ್‌ನ ಮೂತಿಗೆ ನೀರು ಚಿಮುಕಿಸಿದಾಗ ಚುರ್ ಅನ್ನುತ್ತದೆ. ರಿವರ್ಸ್ ಹಾಕಿದಾಗ ಟಕ್ ಅಂತ ಒಂದು ಪೆಟ್ಟು. ಡಬ್ಬಿಯಲ್ಲಿ ಕಾಗದದಷ್ಟು ತೆಳ್ಳಗಿನ ಒಂದು ಶಿಮ್ ಉಳಿದಿದೆ, ಎಲ್ಲಿಯದೆಂದು ಗೊತ್ತಾಗಲಿಲ್ಲ. ಪರಿಚಯದ ಒಬ್ಬರು ಹೊಸ ಕ್ರೌನ್ ಪಿನಿಯನ್ ಸೆಟ್ ಹಾಕಿ ಅಂದರು. ಇನ್ನೊಬ್ಬರು ಪಿನಿಯನ್ ನಟ್ ಸ್ವಲ್ಪ ಸಡಿಲ ಮಾಡಿ ಅಂದರು. ಏನು ಮಾಡಲಿ?

ಉತ್ತರ: ಎರಡೂ ಬೇಡ. ಹೊಸ ಸೆಟ್ ಈಗಲೇ ತರಬೇಡಿ, ನಟ್ ಮುಟ್ಟಲೇಬೇಡಿ. ಮತ್ತೆ ದಯವಿಟ್ಟು ಗಾಡಿಯನ್ನು ಓಡಿಸಬೇಡಿ, ಖಾಲಿಯೂ ಬೇಡ. ಇನ್ನೊಂದು ನಾಲ್ಕು ಟ್ರಿಪ್ ಹೊಡೆದರೆ ಈಗ ಉಳಿಸಬಹುದಾದ ಪಿನಿಯನ್ ಆಮೇಲೆ ಗುಜರಿಗೇ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದ ಮಾತು ಊಳಿಡುವುದೂ ಅಲ್ಲ, ಟಕ್ ಶಬ್ದವೂ ಅಲ್ಲ. ಡಬ್ಬಿಯಲ್ಲಿ ಉಳಿದ ಆ ಶಿಮ್. ಅದನ್ನು ಬಿಸಾಡದೆ ಇಟ್ಟುಕೊಂಡಿದ್ದೀರಲ್ಲ, ಅಲ್ಲಿಗೆ ಅರ್ಧ ಕೆಲಸ ಆಯಿತು. ಕೂಳೂರು ಬದಿಯ ನಮ್ಮ ಗ್ಯಾರೇಜಿಗೆ ಮನೆಯಲ್ಲಿ ಬಿಚ್ಚಿದ ಗಾಡಿ ಬಂದರೆ ನಾನು ಮೊದಲು ಕೇಳುವುದೇ ಇದು: ಏನಾದರೂ ಉಳಿದಿದೆಯಾ? ಹೆಚ್ಚಿನವರು "ಏನೂ ಇಲ್ಲ" ಅನ್ನುತ್ತಾರೆ. ಆಮೇಲೆ ಚಾ ಕುಡಿಯುವಾಗ ನೆನಪಾಗುತ್ತದೆ.

ನಿಮ್ಮದು ಒಂದು ಕಾಯಿಲೆ ಅಲ್ಲ, ಮೂರು. ಬಿಸಿ ಒಂದು, ಊಳು ಒಂದು, ಟಕ್ ಒಂದು. ಮೂರಕ್ಕೂ ಒಂದೇ ಕಾರಣ ಹುಡುಕಲು ಹೋದರೆ ದಾರಿ ತಪ್ಪುತ್ತದೆ. ಬಿಸಿಯಿಂದ ಶುರು ಮಾಡೋಣ. ಶಬ್ದ ಮಾಡಿಕೊಂಡೇ ವರ್ಷಗಟ್ಟಲೆ ಓಡಿದ ಹೌಸಿಂಗ್‌ಗಳನ್ನು ನೋಡಿದ್ದೇನೆ. ಮೂತಿಯ ಮೇಲೆ ನೀರು ಚುರ್ ಅನ್ನಿಸಿಕೊಂಡು ತಿಂಗಳು ದಾಟಿದ್ದನ್ನು ನೋಡಿಲ್ಲ.

ಲೋಡ್ ಹೊಡೆದು ಬಂದ ಹೌಸಿಂಗ್ 80, 90 ಡಿಗ್ರಿ ಇರುವುದು ಸಹಜ. ಕೈಯಿಟ್ಟು ಎರಡು ಸೆಕೆಂಡ್ ತಡೆಯಲು ಆಗುವುದಿಲ್ಲ, ಅಷ್ಟಕ್ಕೇ ಹೆದರಬೇಕಾಗಿಲ್ಲ. ಆದರೆ ನೀರು ಚುರ್ ಅನ್ನಬೇಕಾದರೆ ಕಬ್ಬಿಣ 100 ದಾಟಿರಬೇಕು. ಅದೂ ಖಾಲಿ ಗಾಡಿ, 15 ಕಿ.ಮೀ. ಇನ್ನೊಂದು ವಿಷಯ, ಬಿಸಿ ಇರುವುದು ಮೂತಿಯಲ್ಲಿ. ಅಂದರೆ ಗೇರ್ ಬಾಕ್ಸಿನ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಜಾಗದಲ್ಲಿ. ಹಲ್ಲುಗಳು ಒಂದಕ್ಕೊಂದು ಒತ್ತಿ ಉಜ್ಜುತ್ತಿದ್ದರೆ ಹೌಸಿಂಗ್‌ನ ದುಂಡು ಹೊಟ್ಟೆಯೂ ಮೂತಿಯೂ ಒಟ್ಟಿಗೆ ಕಾಯುತ್ತವೆ. ಹಬ್ ಬೇರಿಂಗ್ ಬಿಗಿಯಾದರೆ ಚಕ್ರದ ಮಧ್ಯ ಕಾಯುತ್ತದೆ. ಮೂತಿ ಮಾತ್ರ ಕಾದರೆ ಮೊದಲ ಅನುಮಾನ ಪಿನಿಯನ್ ಬೇರಿಂಗ್ ಬಿಗಿತದ ಮೇಲೆ.

ಪಿನಿಯನ್ ಶಾಫ್ಟಿನಲ್ಲಿ ಎರಡು ಟೇಪರ್ ಬೇರಿಂಗ್ (ಓರೆ ರೋಲರ್‌ಗಳದ್ದು) ಒಂದಕ್ಕೊಂದು ಎದುರಾಗಿ ಕೂತಿರುತ್ತವೆ. ನಡುವೆ ಒಂದು ಸ್ಪೇಸರ್ ಕೊಳವೆ, ಅದರ ಜೊತೆ ಶಿಮ್‌ಗಳು. ನಟ್ ಟೈಟ್ ಮಾಡಿದಾಗ ಇವೆಲ್ಲ ಸೇರಿ ಒಂದೇ ಕಬ್ಬಿಣದ ತುಂಡಿನ ಹಾಗೆ ಆಗುತ್ತವೆ. ಬೇರಿಂಗ್ ಎಷ್ಟು ಬಿಗಿಯಾಗಬೇಕು ಅನ್ನುವುದನ್ನು ತೀರ್ಮಾನಿಸುವುದು ನಟ್ ಅಲ್ಲ, ಆ ಶಿಮ್‌ಗಳ ದಪ್ಪ. ಶಿಮ್ ಜಾಸ್ತಿ ಇದ್ದರೆ ಬೇರಿಂಗ್ ಸಡಿಲ, ಕಮ್ಮಿ ಇದ್ದರೆ ಬಿಗಿ. ನೋಟ್‌ಬುಕ್ಕಿನ ಒಂದು ಹಾಳೆ ಸುಮಾರು 0.1 ಮಿ.ಮೀ. ಅಷ್ಟೇ ದಪ್ಪದ ಒಂದು ಶಿಮ್ ಇಲ್ಲಿಂದ ತಪ್ಪಿ ಹೋದರೂ ಸಾಕು, ಬೇರಿಂಗ್ ತಿರುಗಲಿಕ್ಕೇ ಒದ್ದಾಡುತ್ತದೆ.

ಈಗ ನಟ್ ಸಡಿಲಿಸುವ ಸಲಹೆ ಯಾಕೆ ಅಪಾಯ ಅಂತ ಅರ್ಥ ಆಯಿತಲ್ವಾ? ಸಡಿಲಿಸಿದರೆ ಬಿಗಿತವೇನೋ ಹೋಗುತ್ತದೆ. ಆದರೆ ಒಂದೇ ತುಂಡಾಗಿ ನಿಲ್ಲಬೇಕಾದ ಸ್ಪೇಸರ್, ಶಿಮ್, ಬೇರಿಂಗ್‌ನ ಒಳರಿಂಗ್ ಎಲ್ಲ ಬಿಡಿಬಿಡಿಯಾಗುತ್ತವೆ. ಒಳರಿಂಗ್ ಶಾಫ್ಟಿನ ಮೇಲೆಯೇ ಸುತ್ತಲು ಶುರು ಮಾಡುತ್ತದೆ, ಶಾಫ್ಟ್ ತಿನ್ನುತ್ತದೆ. ಕೆಲವು ಗಾಡಿಗಳಲ್ಲಿ ಗಟ್ಟಿ ಸ್ಪೇಸರ್ ಬದಲು ನಟ್ ಒತ್ತಿದಾಗ ಕುಗ್ಗುವ ಕೊಳವೆ ಇರುತ್ತದೆ. ಅದರಲ್ಲೂ ಇದೇ ಕತೆ. ಒಮ್ಮೆ ಜಾಸ್ತಿ ಕುಗ್ಗಿದರೆ ನಟ್ ಹಿಂದೆ ತಿರುಗಿಸಿ ಸರಿ ಮಾಡಲು ಬರುವುದಿಲ್ಲ. ಕೊಳವೆಯನ್ನೇ ಹೊಸದು ಹಾಕಬೇಕು.

ಹಾಗಾದರೆ ಉಳಿದ ಶಿಮ್ ಈ ಜಾಗದ್ದೇ ಅಂತ ಹೇಗೆ ಗೊತ್ತು? ಪಿನಿಯನ್ ಹೊರಗೆ ತೆಗೆದ ಮೇಲೆ ಅದನ್ನು ಶಾಫ್ಟಿಗೆ ತೊಡಿಸಿ ನೋಡಿ. ಪಿನಿಯನ್‌ನ ಶಾಫ್ಟ್ ತಲೆಯ (ಹಲ್ಲಿರುವ ತುದಿ) ಹತ್ತಿರ ದಪ್ಪ, ಮುಂದೆ ಹೋದ ಹಾಗೆ ಮೆಟ್ಟಿಲಿನ ಹಾಗೆ ಸಣ್ಣದಾಗುತ್ತದೆ. ಶಿಮ್ ಸಣ್ಣ ಮೆಟ್ಟಿಲಿನಲ್ಲೇ ನಿಂತು ದಪ್ಪ ಭಾಗದ ಮೇಲೆ ಹತ್ತದಿದ್ದರೆ ಅದು ಬಿಗಿತದ ಶಿಮ್. ಸರಾಗವಾಗಿ ತಲೆಯವರೆಗೆ ಹೋಗಿ ಅಲ್ಲಿ ಸರಿಯಾಗಿ ಕೂತರೆ ಅದು ಬೇರೆ ಜಾಗದ್ದು, ಪಿನಿಯನ್ ಎಷ್ಟು ಒಳಗೆ ಇರಬೇಕು ಅನ್ನುವುದನ್ನು ನಿಲ್ಲಿಸುವ ಶಿಮ್. ನಿಮ್ಮ ಮೂತಿ ಕಾಯುವುದನ್ನು ನೋಡಿದರೆ ಮೊದಲನೆಯದೇ ಅಂತ ನನ್ನ ಅಂದಾಜು. ಆದರೆ ಅಂದಾಜಿನ ಮೇಲೆ ಫಿಟ್ ಮಾಡಬೇಡಿ, ತೊಡಿಸಿಯೇ ನೋಡಿ.

ಬಿಚ್ಚುವ ಮೊದಲು ಒಂದು ಕೆಲಸ. ಊಳು ಬರುವುದು ಹೌಸಿಂಗ್‌ನಿಂದಲೇ ಹೌದಾ ಅಂತ ನಾನಾಗಿದ್ದರೆ ರಸ್ತೆಯಲ್ಲೇ ನೋಡಿಕೊಳ್ಳುತ್ತಿದ್ದೆ. ಇಷ್ಟು ಕಾಯುವ ಗಾಡಿಯಲ್ಲಿ ಅದು ಬೇಡ. ಈವರೆಗೆ ಓಡಿಸಿದ್ದನ್ನೇ ನೆನಪು ಮಾಡಿಕೊಳ್ಳಿ. ಮೂರನೇ ಗೇರಿನಲ್ಲಿ 40 ಇದ್ದಾಗಲೂ ನಾಲ್ಕನೇ ಗೇರಿನಲ್ಲಿ 40 ಇದ್ದಾಗಲೂ ಶಬ್ದ ಒಂದೇ ಶ್ರುತಿಯಲ್ಲಿ ಬರುತ್ತಿತ್ತಾ? ಹೌದಾದರೆ ಅದು ಹಿಂದಿನದು. ಗೇರ್ ಬದಲಾದಾಗ ಶ್ರುತಿಯೂ ಬದಲಾಗುತ್ತಿದ್ದರೆ ಗೇರ್ ಬಾಕ್ಸ್ ಕಡೆ ನೋಡಬೇಕು. ಮಣಿಪಾಲದಿಂದ ಇಂದ್ರಾಳಿಗೆ ಗೇರಿನಲ್ಲೇ ಇಳಿಯುವಾಗ ಮೌನ, ವಾಪಸ್ ಹತ್ತುವಾಗ ಊಳು ಅಂತಾದರೆ ಇನ್ನೂ ಸ್ಪಷ್ಟ. ಟೈರಿನ ಶಬ್ದವಾದರೆ ರಸ್ತೆ ಬದಲಾದಾಗ ತಾನೂ ಬದಲಾಗುತ್ತದೆ, ಎಕ್ಸಲರೇಟರ್‌ಗೆ ಕೇರ್ ಮಾಡುವುದಿಲ್ಲ. ಬೇರಿಂಗ್ ಶಬ್ದವೂ ಅಷ್ಟೇ, ಎಕ್ಸಲರೇಟರ್ ಒತ್ತಿದರೂ ಬಿಟ್ಟರೂ ಗಿರಣಿಯ ಹಾಗೆ ಗುರ್ ಅನ್ನುತ್ತಲೇ ಇರುತ್ತದೆ. ನಿಮ್ಮದು ಬಿಟ್ಟ ಕೂಡಲೇ ನಿಲ್ಲುತ್ತದೆ. ಹಾಗಾಗಿ ಮುಂದೆ ಎಳೆಯುವಾಗ ಭಾರ ಹೊರುವ ಹಲ್ಲಿನ ಮುಖದಲ್ಲೇ ತೊಂದರೆ.

ಹಳೆಯ ಕ್ರೌನ್ ಪಿನಿಯನ್ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಒಂದಕ್ಕೊಂದು ಉಜ್ಜಿಕೊಂಡು ಹೊಂದಿಕೊಂಡಿರುತ್ತವೆ. ಹಳೆಯ ಕಡೆಯುವ ಕಲ್ಲಿನ ಹಾಗೆ. ಆ ಗುಂಡಕಲ್ಲನ್ನು ಬೇರೆ ಕಲ್ಲಿಗೆ ಇಟ್ಟರೆ ಅರೆಯುವುದಿಲ್ಲ. ಅದಕ್ಕೇ ಇವನ್ನು ಕಾರ್ಖಾನೆಯಲ್ಲೂ ಜೋಡಿಯಾಗಿಯೇ ಉಜ್ಜಿ, ಎರಡಕ್ಕೂ ಒಂದೇ ಜೋಡಿ ನಂಬರ್ ಕೆತ್ತಿ ಕಳಿಸುತ್ತಾರೆ. ಗುಜರಿಯಿಂದ ಬರೀ ಪಿನಿಯನ್ ತಂದು ಹಾಕುವವರು ಇದ್ದಾರೆ. ಹಾಕಿದ ದಿನದಿಂದ ಹಾರ್ನ್ ಬೇಕಾಗುವುದಿಲ್ಲ, ಅಷ್ಟು ಕೂಗುತ್ತದೆ.

ನೀವು ಜೋಡಿ ಬದಲಿಸಿಲ್ಲ, ಸರಿ. ಆದರೆ ಜಾಗ ಬದಲಿಸಿದ್ದೀರಿ, ನಿಮಗೆ ಗೊತ್ತಿಲ್ಲದೆ. ಪಿನಿಯನ್ ತಲೆಯ ಹಿಂದಿನ ಶಿಮ್ ಹಳೆಯದೇ ಹಾಕಿದ್ದೀರಿ, ಬೇರಿಂಗ್ ಮಾತ್ರ ಹೊಸದು. ಒಂದೇ ನಂಬರಿನ ಎರಡು ಟೇಪರ್ ಬೇರಿಂಗ್‌ಗಳ ಒಟ್ಟು ದಪ್ಪದಲ್ಲಿ 0.1 ಮಿ.ಮೀ. ವ್ಯತ್ಯಾಸ ಇದ್ದರೂ ಅದು ಬೇರಿಂಗ್ ದೋಷ ಅಲ್ಲ, ತಯಾರಿಕೆಯಲ್ಲಿ ಅಷ್ಟಕ್ಕೆ ಅವಕಾಶ ಉಂಟು. ಆ ವ್ಯತ್ಯಾಸವೆಲ್ಲ ಪಿನಿಯನ್‌ನ ಜಾಗಕ್ಕೆ ಹೋಗಿ ಸೇರುತ್ತದೆ.

ಹಳೆಯ ಬೇರಿಂಗ್ ಬಿಸಾಡಿದ್ದೀರಾ? ಬಿಸಾಡಿಲ್ಲದಿದ್ದರೆ ಪುಣ್ಯ. ಒಂದು ದಪ್ಪ ಗಾಜಿನ ಹಲಗೆಯ ಮೇಲೆ ಹಳೆಯ ತಲೆ ಬೇರಿಂಗ್ ಅನ್ನು ಅದರ ಹೊರರಿಂಗ್ ಸಮೇತ ಇಡಿ. ಕೈಯಲ್ಲಿ ಒತ್ತಿ ನಾಲ್ಕು ಸುತ್ತು ತಿರುಗಿಸಿ, ರೋಲರ್‌ಗಳು ತಮ್ಮ ಜಾಗಕ್ಕೆ ಕೂರಬೇಕು. ಡಯಲ್ ಗೇಜಿನ (ಕೂದಲೆಳೆಯ ಅಂತರವನ್ನೂ ತೋರಿಸುವ ಅಳತೆ ಗಡಿಯಾರ) ತುದಿಯನ್ನು ಮೇಲೆ ತಾಗಿಸಿ ಮುಳ್ಳನ್ನು ಸೊನ್ನೆಗೆ ತನ್ನಿ. ಅದನ್ನು ತೆಗೆದು ಹೊಸದನ್ನು ಹಾಗೆಯೇ ಇಟ್ಟು ನೋಡಿ. ಹೊಸದು 0.08 ದಪ್ಪ ಅಂತ ಮುಳ್ಳು ಹೇಳಿದರೆ ತಲೆಯ ಹಿಂದಿನ ಶಿಮ್ ಅನ್ನು ಅಷ್ಟೇ ತೆಳ್ಳಗೆ ಮಾಡಬೇಕು. ತೆಳ್ಳಗಿದ್ದರೆ ಶಿಮ್ ಅಷ್ಟು ದಪ್ಪ. ಹಳೆಯ ಬೇರಿಂಗ್ ಸವೆದಿದ್ದರೆ ಈ ಲೆಕ್ಕ ಸ್ವಲ್ಪ ಅತ್ತಿತ್ತ ಆಗುತ್ತದೆ, ಆದರೂ ಶುರು ಮಾಡಲು ಇದಕ್ಕಿಂತ ಒಳ್ಳೆಯ ದಾರಿ ಮನೆಯಲ್ಲಿ ಸಿಗುವುದಿಲ್ಲ. ಬೇರಿಂಗ್ ಹೋಗಿದ್ದರೆ ಹಲ್ಲಿನ ಮಾರ್ಕ್ ನೋಡಿಯೇ ತೀರ್ಮಾನಿಸಬೇಕು.

ಮಾರ್ಕ್ ನೋಡುವುದು ಹೀಗೆ. ಹೌಸಿಂಗ್‌ನಿಂದ ಕ್ರೌನ್ ಇರುವ ಇಡೀ ಮುಂಭಾಗವನ್ನು ತೆಗೆದು ಬೆಂಚಿನ ಮೇಲೆ ಕೂರಿಸಿ. ಆಕ್ಸಲ್ ಶಾಫ್ಟ್‌ಗಳನ್ನು ಎರಡೂ ಕಡೆ ಹೊರಗೆ ಎಳೆದ ಮೇಲೆಯೇ ಅದು ಬರುತ್ತದೆ, ನಿಮಗೆ ಈಗ ಗೊತ್ತಿರುವ ಸಂಗತಿ. ಒಬ್ಬರೇ ಎತ್ತಬೇಡಿ, ಭಾವನನ್ನು ಕರೆಯಿರಿ. ಹಲ್ಲುಗಳನ್ನು ಚೆನ್ನಾಗಿ ಒರೆಸಿ, ನಾಲ್ಕೈದು ಹಲ್ಲಿಗೆ ಎರಡೂ ಮುಖಕ್ಕೆ ತೆಳ್ಳಗೆ ಪ್ರಶಿಯನ್ ಬ್ಲೂ ಅನ್ನುವ ನೀಲಿ ಪೇಸ್ಟ್ ಹಚ್ಚಿ. ಸಿಗದಿದ್ದರೆ ಹಳದಿ ಆಯಿಲ್ ಪೇಂಟ್‌ಗೆ ಎರಡು ಹನಿ ಆಯಿಲ್ ಬೆರೆಸಿದರೂ ನಡೆಯುತ್ತದೆ. ನಮ್ಮ ಹಳಬರು ರೆಡ್ ಲೆಡ್ ಬಳಸುತ್ತಿದ್ದರು. ಅದು ಸೀಸ, ಈಗ ಯಾಕೆ ಬೇಕು. ಒಬ್ಬರು ಕ್ರೌನ್‌ಗೆ ಮರದ ತುಂಡು ಒತ್ತಿ ಹಿಡಿದು ತಡೆಯಬೇಕು, ಇನ್ನೊಬ್ಬರು ಪಿನಿಯನ್ ಫ್ಲ್ಯಾಂಜ್ (ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್ ಆಗುವ ತಟ್ಟೆ) ತಿರುಗಿಸಬೇಕು. ತಡೆ ಇಲ್ಲದೆ ಸುಮ್ನೆ ತಿರುಗಿಸಿದರೆ ಮಾರ್ಕ್ ಮಸುಕಾಗಿ ಬಂದು ಮೋಸ ಮಾಡುತ್ತದೆ.

ಬಣ್ಣ ಅಳಿಸಿಹೋದ ಜಾಗ ಹಲ್ಲಿನ ಎತ್ತರದ ನಡುಭಾಗದಲ್ಲಿ ಇರಬೇಕು. ತುದಿಯ ಅಂಚಿನಲ್ಲಿ ಮಾತ್ರ ಬಂದರೆ ಪಿನಿಯನ್ ದೂರ ನಿಂತಿದೆ. ಬುಡದ ಕಣಿವೆಯಲ್ಲಿ ಬಂದರೆ ಪಿನಿಯನ್ ಜಾಸ್ತಿ ಒಳಗೆ ನುಗ್ಗಿದೆ. ಇವೆರಡೂ ತಲೆಯ ಹಿಂದಿನ ಶಿಮ್‌ನ ಕೆಲಸ. ಅಲ್ಲಿ ಶಿಮ್ ದಪ್ಪ ಮಾಡಿದರೆ ಪಿನಿಯನ್ ಒಳಗೆ ಹೋಗುತ್ತದೆ. ಪಿನಿಯನ್ ಅನ್ನು ಪ್ರತ್ಯೇಕ ಕೇಜಿನಲ್ಲಿಟ್ಟು ಬೋಲ್ಟ್ ಮಾಡುವ ದೊಡ್ಡ ಲಾರಿಗಳಲ್ಲಿ, ಶಿಮ್ ಕೇಜಿನ ಅಡಿಯಲ್ಲಿದ್ದರೆ, ಇದು ಪೂರ್ತಿ ಉಲ್ಟಾ. ದೊಡ್ಡ ಲಾರಿಯಲ್ಲಿ ಕಲಿತವರು 407ಕ್ಕೆ ಬಂದು ಎಡವುವುದು ಇಲ್ಲೇ. ಇನ್ನು ಹಲ್ಲಿನ ಉದ್ದಕ್ಕೆ ನೋಡಿದರೆ, ಮಾರ್ಕ್ ಕ್ರೌನ್‌ನ ಮಧ್ಯದ ಕಡೆಗೆ ಸರಿದಿದ್ದರೆ ಕ್ರೌನ್ ಪಿನಿಯನ್‌ಗೆ ತೀರಾ ಹತ್ತಿರ, ಹೊರ ಅಂಚಿಗೆ ಸರಿದಿದ್ದರೆ ದೂರ. ಇದು ಶಿಮ್ ಕೆಲಸ ಅಲ್ಲ, ಕ್ರೌನ್ ಬೇರಿಂಗ್‌ಗಳನ್ನು ಎರಡು ಬದಿಯಿಂದ ಒತ್ತುವ ಅಡ್ಜಸ್ಟರ್ ರಿಂಗಿನ ಕೆಲಸ.

ನಿಮ್ಮದು ಹಳೆಯ ಹಲ್ಲು. ಪುಸ್ತಕದ ಚಿತ್ರದ ಹಾಗೆ ಅಂದವಾದ ಮೊಟ್ಟೆಯಾಕಾರ ಬರಲೇಬೇಕು ಅಂತ ಹಠ ಹಿಡಿಯಬೇಡಿ. ಬಣ್ಣ ಹಚ್ಚುವ ಮೊದಲು ಹಲ್ಲನ್ನು ಬಿಸಿಲಿಗೆ ಹಿಡಿದು ಓರೆಯಾಗಿ ನೋಡಿ. ವರ್ಷಗಳ ಕಾಲ ಉಜ್ಜಿದ ಜಾಗ ಕನ್ನಡಿಯ ಹಾಗೆ ಹೊಳೆಯುತ್ತದೆ, ಉಳಿದದ್ದು ಸ್ವಲ್ಪ ಬೂದು. ನಿಮ್ಮ ಹೊಸ ಮಾರ್ಕ್ ಆ ಹಳೆಯ ಹೊಳಪಿನ ಮೇಲೆ ಬಂದು ಕೂತರೆ ಅಲ್ಲಿಗೆ ಬಿಡಿ. ಹೊಳಪು ಒಂದು ಕಡೆ, ಬಣ್ಣ ಅಳಿಸಿದ್ದು ಇನ್ನೊಂದು ಕಡೆ ಅಂತಾದರೆ ಊಳಿನ ಕಾರಣ ನಿಮ್ಮ ಕಣ್ಣೆದುರೇ ಉಂಟು. ಇದನ್ನು ಹೇಳಿಕೊಟ್ಟವರು ಬಂದರಿನಲ್ಲಿ ನನಗೆ ಕೆಲಸ ಕಲಿಸಿದ ಮೇಸ್ತ್ರಿ. ಡಯಲ್ ಗೇಜ್ ಆಗ ಅಲ್ಲಿ ಇರಲೇ ಇಲ್ಲ. ಕನ್ನಡಕ ಹಣೆಗೆ ಏರಿಸಿ, ಬೀಡಿ ಆರಿಸಿ, ಹಲ್ಲನ್ನು ಬಾಗಿಲಿನ ಬೆಳಕಿಗೆ ಹಿಡಿಯುತ್ತಿದ್ದರು.

ಜೋಡಿಸುವ ಕ್ರಮ ತಪ್ಪಬಾರದು. ಮೊದಲು ಪಿನಿಯನ್ ಜಾಗ. ಆಮೇಲೆ ಪಿನಿಯನ್ ಬಿಗಿತ. ಅದಾದ ಮೇಲೆ ಕ್ರೌನ್ ಕೂರಿಸಿ ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಗಳ ನಡುವಿನ ಆಟ. ಕೊನೆಗೆ ಮಾರ್ಕ್. ಮಾರ್ಕ್ ಸರಿ ಬಾರದಿದ್ದರೆ ಮತ್ತೆ ಮೊದಲಿನಿಂದ. ಬೇಸರ ಬರುತ್ತದೆ, ನನಗೂ ಬರುತ್ತದೆ. ಮೂರು ಸಲ ಬಿಚ್ಚಿ ಹಾಕುವುದು ಮಾಮೂಲು.

ಪಿನಿಯನ್ ಬಿಗಿತ ಅಳೆಯಲು ದೊಡ್ಡ ಉಪಕರಣ ಬೇಡ. ಮೀನು ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಸಾಕು, 10 ಕಿಲೋದ್ದು. ಸೀಲ್ ಹಾಕದೆ, ಕ್ರೌನ್ ಕೂರಿಸದೆ, ಬರೀ ಪಿನಿಯನ್ ಮತ್ತು ಅದರ ಎರಡು ಬೇರಿಂಗ್ ಮಾತ್ರ ಇರುವಾಗ ನಟ್ ಅನ್ನು ಪುಸ್ತಕದಲ್ಲಿರುವ ಟಾರ್ಕ್‌ಗೆ ಟೈಟ್ ಮಾಡಿ. ಪೈಪ್ ಹಾಕಿ ಜೋತುಬೀಳುವುದು ಬೇಡ, ಟಾರ್ಕ್ ರೆಂಚ್ ಬಾಡಿಗೆಗೆ ತನ್ನಿ. ಬೇರಿಂಗ್‌ಗೆ ಆಯಿಲ್ ಬಿಟ್ಟು ಹತ್ತಿಪ್ಪತ್ತು ಸುತ್ತು ತಿರುಗಿಸಿ. ಫ್ಲ್ಯಾಂಜಿಗೆ ಗಟ್ಟಿ ದಾರ ಸುತ್ತಿ ತಕ್ಕಡಿಯ ಕೊಕ್ಕೆಗೆ ಕಟ್ಟಿ ಮೆಲ್ಲಗೆ ಒಂದೇ ಹದದಲ್ಲಿ ಎಳೆಯಿರಿ. ಶುರುವಿಗೆ ಮುಳ್ಳು ಒಮ್ಮೆ ಮೇಲೆ ಹಾರುತ್ತದೆ, ಅದು ಲೆಕ್ಕಕ್ಕಿಲ್ಲ. ತಿರುಗುತ್ತಾ ಇರುವಾಗ ನಿಲ್ಲುವ ಅಂಕಿ ಬರೆದುಕೊಳ್ಳಿ. ಈ ಅಳತೆಯ ಗಾಡಿಗಳಲ್ಲಿ ಹೊಸ ಬೇರಿಂಗ್‌ಗೆ ಸಾಧಾರಣವಾಗಿ ಒಂದೂವರೆಯಿಂದ 3 ನ್ಯೂಟನ್ ಮೀಟರ್ ಬರುತ್ತದೆ. ದಾರ ಸುತ್ತಿದ ಜಾಗ ಮಧ್ಯದಿಂದ 5 ಸೆಂ.ಮೀ. ದೂರ ಇದ್ದರೆ ತಕ್ಕಡಿಯಲ್ಲಿ ಸುಮಾರು 3ರಿಂದ 6 ಕಿಲೋ. ಓಡಿದ ಬೇರಿಂಗ್ ಆದರೆ ಅದರ ಅರ್ಧ. ನಿಮ್ಮ ಮಾಡೆಲ್‌ನ ಸರ್ವಿಸ್ ಪುಸ್ತಕ ಸಿಕ್ಕರೆ ಅದರ ಅಂಕಿಯೇ ಅಂತಿಮ. ಈಗಿನ ನಿಮ್ಮ ಪಿನಿಯನ್ ಅನ್ನು ಹೀಗೆ ಎಳೆದು ನೋಡಿದರೆ 10 ಕಿಲೋದ ತಕ್ಕಡಿ ಸಾಲದು ಅಂತ ನನ್ನ ಊಹೆ.

ಜಾಸ್ತಿ ಬಂದರೆ ಶಿಮ್ ಸೇರಿಸಿ, ಕಮ್ಮಿ ಬಂದರೆ ತೆಗೆಯಿರಿ. ಆ ಡಬ್ಬಿಯ ಶಿಮ್‌ನಿಂದಲೇ ಶುರು ಮಾಡಿ. ಹಾಕುವ ಮೊದಲು ಪ್ರತಿ ಶಿಮ್ ಅನ್ನು ಮೈಕ್ರೋಮೀಟರ್‌ನಲ್ಲಿ ಮೂರು ಕಡೆ ಅಳೆಯಿರಿ. ಮಡಚಿದ್ದು, ಅಂಚು ಎದ್ದಿದ್ದು ಇದ್ದರೆ ಹೊಸದು ತನ್ನಿ. ಎರಡು ತೆಳು ಶಿಮ್ ಆಯಿಲ್ ಅಂಟಿಗೆ ಒಂದೇ ಆಗಿ ಕಾಣುವುದೂ ಉಂಟು. ಉಗುರಿನಿಂದ ಬಿಡಿಸಿ ನೋಡಿ.

ಈ ಸಲ ಬಿಚ್ಚಿದಾಗ ಪಿನಿಯನ್ ಬೇರಿಂಗ್‌ಗಳ ಬಣ್ಣ ನೋಡಿ. ರೋಲರ್ ನೀಲಿಯೋ ಕಂದೋ ಆಗಿದ್ದರೆ, ಹೊರರಿಂಗಿನಲ್ಲಿ ಗೆರೆ ಬಿದ್ದಿದ್ದರೆ ಹೊಸದಾದರೂ ಅದು ಮುಗಿದ ಬೇರಿಂಗ್. ದುಡ್ಡು ಹೋಯಿತಲ್ಲ ಅಂತ ಮತ್ತೆ ಹಾಕಬೇಡಿ ಮಾರಾಯ್ರೆ. ಕೂರಿಸುವಾಗ ಗ್ಯಾಸ್ ಟಾರ್ಚ್ ಹಿಡಿಯುವುದು, ಸುತ್ತಿಗೆಯಿಂದ ಹೊಡೆಯುವುದು ಬೇಡ. ಬಿಸಿ ಆಯಿಲಿನಲ್ಲಿ 100 ಡಿಗ್ರಿ ಒಳಗೆ ಕಾಯಿಸಿದರೆ ತಾನಾಗಿ ಜಾರಿ ಕೂರುತ್ತದೆ, ಇಲ್ಲವೇ ಪ್ರೆಸ್ ಇರುವ ಲೇತ್ ಅಂಗಡಿಗೆ ಒಯ್ಯಿರಿ. ತಲೆ ಬೇರಿಂಗ್ ಪೂರ್ತಿ ಕೂತಿದೆಯಾ ಅಂತ ತೆಳ್ಳಗಿನ ಫೀಲರ್ ಗೇಜ್ ತೂರಿಸಿ ನೋಡಿ. ಹೊರರಿಂಗ್‌ಗಳ ಅಡಿಯಲ್ಲಿ ಒಂದು ಚೂರು ಕಬ್ಬಿಣದ ಸಿಪ್ಪೆ ಅಥವಾ ಅಂಗಳದ ಕೆಂಪು ಮಣ್ಣಿನ ಕಣ ಇದ್ದರೂ ನಿಮ್ಮ ಶಿಮ್ ಲೆಕ್ಕವೆಲ್ಲ ನೀರಿನಲ್ಲಿ ಹೋಮ. ಅಂಗಳದಲ್ಲಿ ಬಿಚ್ಚಿದ್ದು ತಪ್ಪಲ್ಲ. ಜೋಡಿಸುವುದು ಮಾತ್ರ ಒಳಗೆ, ಹಳೆಯ ಬೆಡ್‌ಶೀಟ್ ಹಾಸಿ ಮಾಡಿ.

ಬ್ಯಾಕ್‌ಲ್ಯಾಶ್ ಅಂದರೆ ಪಿನಿಯನ್ ಅಲುಗದಂತೆ ಹಿಡಿದಾಗ ಕ್ರೌನ್ ಹಲ್ಲು ಅತ್ತಿತ್ತ ಆಡುವ ಜಾಗ. ಸಾಧಾರಣ 0.15ರಿಂದ 0.25 ಮಿ.ಮೀ. ಹಳೆಯ ಜೋಡಿಯಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿ ಇರುವುದು ಸಹಜ, ಬಲವಂತವಾಗಿ ಕಮ್ಮಿ ಮಾಡಲು ಹೋಗಬೇಡಿ. ಡಯಲ್ ಗೇಜನ್ನು ಹಲ್ಲಿನ ಹೊರತುದಿಗೆ ನೇರವಾಗಿ ತಾಗಿಸಿ, ಕ್ರೌನ್‌ನ ನಾಲ್ಕು ಕಡೆ ಅಳೆಯಿರಿ. ಒಂದು ಕಡೆ 0.15, ಎದುರು ಕಡೆ 0.30 ಅಂತ ಬಂದರೆ ಕ್ರೌನ್ ಓರೆಯಾಗಿ ಕೂತಿದೆ. ಬೋಲ್ಟ್ ಬಿಚ್ಚಿ ಅದರ ಅಡಿ ಒರೆಸಿ ಮತ್ತೆ ಕೂರಿಸಿ. ಅಡ್ಜಸ್ಟರ್ ತಿರುಗಿಸುವಾಗ ಒಂದು ಬದಿ ಎಷ್ಟು ಹಲ್ಲು ಸಡಿಲಿಸಿದಿರೋ ಇನ್ನೊಂದು ಬದಿ ಅಷ್ಟೇ ಟೈಟ್ ಮಾಡಬೇಕು. ಇಲ್ಲದಿದ್ದರೆ ಕ್ರೌನ್ ಬೇರಿಂಗ್‌ನ ಬಿಗಿತ ಕೈತಪ್ಪುತ್ತದೆ.

ಅಂದ ಹಾಗೆ, ಕ್ರೌನ್ ಬೇರಿಂಗ್‌ನ ಎರಡು ಕ್ಯಾಪ್‌ಗಳಿಗೆ ಎಡ ಬಲ ಅಂತ ಗುರುತು ಹಾಕಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ಕ್ಯಾಪ್ ಮತ್ತು ಅದರ ಕೆಳಗಿನ ಅರ್ಧವನ್ನು ಒಟ್ಟಿಗೆ ಬೋಲ್ಟ್ ಮಾಡಿಯೇ ತೂತು ಕೊರೆದಿರುತ್ತಾರೆ. ಅದಲು ಬದಲಾದರೆ ಸುತ್ತು ಸರಿ ಬರುವುದಿಲ್ಲ. ಕಲಿಯುವ ಕಾಲದಲ್ಲಿ ನಾನೇ ಒಮ್ಮೆ ಹೀಗೆ ಮಾಡಿದ್ದೆ. ಅಡ್ಜಸ್ಟರ್ ಬಿಗಿಯಾಗಿ ತಿರುಗಿತು, ಆಯಿಲ್ ಇಲ್ಲದ್ದಕ್ಕೆ ಅಂದುಕೊಂಡು ಸ್ಪ್ಯಾನರ್‌ಗೆ ಇನ್ನಷ್ಟು ಜೋರು ಕೊಟ್ಟೆ. ತ್ರೆಡ್ ಕಿತ್ತು ಬಂತು. ಮೇಸ್ತ್ರಿ ಬೈಯಲಿಲ್ಲ. ಸೆಂಟರ್ ಪಂಚ್ ಕೈಗೆ ಕೊಟ್ಟು, ಆ ವಾರ ಗ್ಯಾರೇಜಿಗೆ ಬಂದ ಪ್ರತಿ ಗಾಡಿಯ ಕ್ಯಾಪ್‌ಗೆ ನನ್ನಿಂದಲೇ ಗುರುತು ಹಾಕಿಸಿದರು. ನಿಮ್ಮದರಲ್ಲಿ ಗುರುತು ಇಲ್ಲದಿದ್ದರೆ ಕ್ಯಾಪ್ ಸಡಿಲವಾಗಿಟ್ಟು ಅಡ್ಜಸ್ಟರ್ ಅನ್ನು ಬರೀ ಬೆರಳಿನಲ್ಲಿ ತಿರುಗಿಸಿ. ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಬದಲಿಸಿ ನೋಡಿ.

ಇನ್ನು ಟಕ್ ಶಬ್ದ. ಇದು ಹೌಸಿಂಗ್ ಒಳಗಿನದ್ದಲ್ಲ ಅಂತ ನನ್ನ ಬಲವಾದ ಅನುಮಾನ. ಸ್ವಲ್ಪ ಲೆಕ್ಕ ಹಾಕೋಣ. ಬ್ಯಾಕ್‌ಲ್ಯಾಶ್ 0.2 ಮಿ.ಮೀ. ಇದ್ದರೆ, ಪಿನಿಯನ್ ಹಲ್ಲು ಮಧ್ಯದಿಂದ ಸುಮಾರು 3 ಸೆಂ.ಮೀ. ದೂರ ಅಂತ ಇಟ್ಟುಕೊಂಡರೆ, ಫ್ಲ್ಯಾಂಜ್ ಅರ್ಧ ಡಿಗ್ರಿಯೂ ಆಡುವುದಿಲ್ಲ. ಅಷ್ಟು ಸಣ್ಣ ಆಟಕ್ಕೆ ಡ್ರೈವರ್ ಸೀಟಿಗೆ ಕೇಳುವ ಪೆಟ್ಟು ಬರುವುದಿಲ್ಲ. ಸಮತಟ್ಟು ಜಾಗದಲ್ಲಿ ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಅತ್ತಿತ್ತ ತಿರುಗಿಸಿ. ಕಣ್ಣು ಕ್ರಾಸ್ ಮೇಲೆ, ಅಂದರೆ ಶಾಫ್ಟಿನ ತುದಿಯ ಶಿಲುಬೆಯಾಕಾರದ ಕೀಲಿನ ಮೇಲೆ ಇರಲಿ. ಶಾಫ್ಟ್ ಆಡಿ ಫ್ಲ್ಯಾಂಜ್ ಆಡದಿದ್ದರೆ ಕ್ರಾಸ್ ಸವೆದಿದೆ. ಫ್ಲ್ಯಾಂಜೂ ಕಣ್ಣಿಗೆ ಕಾಣುವಷ್ಟು ತಿರುಗಿದರೆ ಆಕ್ಸಲ್ ಶಾಫ್ಟಿನ ಸ್ಪ್ಲೈನ್ (ಉದ್ದುದ್ದದ ಹಲ್ಲುಗಳು), ಅಥವಾ ಡಿಫರೆನ್ಷಿಯಲ್ ಕೇಜ್ ಒಳಗಿನ ಸಣ್ಣ ಗೇರುಗಳ ಹಿಂದಿನ ವಾಷರ್ ಸವೆದಿವೆ. ಆ ವಾಷರ್ ಹೋಗಿದ್ದರೆ ತಿರುವಿನಲ್ಲಿ ಮಾತ್ರ ಕಟಕಟ ಅನ್ನುವುದೂ ಇರುತ್ತದೆ, ಮೈದಾನದಲ್ಲಿ ಎಂಟರ ಆಕಾರದಲ್ಲಿ ಓಡಿಸಿದರೆ ತಿಳಿಯುತ್ತದೆ. ಅದನ್ನು ಬಿಸಿ ಸರಿಯಾದ ಮೇಲೆ ಮಾಡಿ.

ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವಾಗ ಜಾರುವ ಸ್ಪ್ಲೈನ್ ಜೋಡಣೆಯೂ ಕಳಚಿಕೊಂಡಿತ್ತಾ? ಆ ಶಾಫ್ಟಿನ ಎರಡೂ ತುದಿಯ ಫೋರ್ಕ್‌ಗಳು ಒಂದೇ ನೇರಕ್ಕೆ ಇರಬೇಕು. ಒಂದು ಹಲ್ಲು ತಪ್ಪಿದರೂ ನಡುಕ ಬರುತ್ತದೆ. ಹೆಚ್ಚಿನ ಶಾಫ್ಟ್‌ಗಳಲ್ಲಿ ಬಾಣದ ಗುರುತು ಇರುತ್ತದೆ, ಮಣ್ಣು ಕೆರೆದು ನೋಡಿ. ಕ್ರಾಸ್‌ಗೆ ಗ್ರೀಸ್ ಹೊಡೆಯಿರಿ, ನಾಲ್ಕೂ ಕಡೆಯಿಂದ ಹೊರಬರಬೇಕು.

ಆಯಿಲ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಡಬ್ಬದ ಮೇಲೆ ಜಿಎಲ್-5 ಅಂತ ಇರಬೇಕು, ದಪ್ಪ ನಿಮ್ಮ ಪುಸ್ತಕದ ಪ್ರಕಾರ, ಸಾಮಾನ್ಯವಾಗಿ 90 ಅಥವಾ 85ಡಬ್ಲ್ಯು-140. ಗೇರ್ ಬಾಕ್ಸಿಗೆ ಉಳಿದ ಜಿಎಲ್-4 ಇಲ್ಲಿಗೆ ಸುರಿಯಬೇಡಿ, ಈ ಹಲ್ಲುಗಳು ಉರುಳುವುದರ ಜೊತೆಗೆ ಜಾರಿಕೊಂಡೂ ಉಜ್ಜುತ್ತವೆ, ಅದಕ್ಕೆ ಜಿಎಲ್-4ರ ಶಕ್ತಿ ಸಾಲದು. ಸಮತಟ್ಟು ಜಾಗದಲ್ಲಿ ಫಿಲ್ಲರ್ ತೂತಿನ ಅಂಚಿಗೆ ಬರುವಷ್ಟು. ಮೂತಿಯ ಬೇರಿಂಗ್‌ಗೆ ಮೊದಲೇ ಕೈಯಿಂದ ಆಯಿಲ್ ಹಾಕಿಡಿ, ಶುರುವಿನಲ್ಲಿ ಅಲ್ಲಿಗೆ ಕ್ರೌನ್ ಆಯಿಲ್ ಎರಚುವವರೆಗೆ ಅದು ಒಣಗಿಯೇ ಇರುತ್ತದೆ.

ಆದರೆ ಬ್ರೀದರ್ (ಗಾಳಿ ಆಡುವ ತೂತು) ಬಗ್ಗೆ ಹೇಳಲೇಬೇಕು, ಯಾಕೆಂದರೆ ನೀವು ಕಲ್ಲು ಸಾಗಿಸುವವರು. ಹೌಸಿಂಗ್ ಮೇಲಿನ ಆ ಸಣ್ಣ ಟೋಪಿಯ ಒಳಗೆ ಕೆಂಪುಕಲ್ಲಿನ ಧೂಳು ಆಯಿಲ್ ಜೊತೆ ಸೇರಿ ಗಾರೆಯಾಗಿ ಕೂರುತ್ತದೆ. ಗಾಳಿಗೆ ದಾರಿ ಇಲ್ಲ. ಹೌಸಿಂಗ್ ಕಾದಾಗ ಒಳಗಿನ ಒತ್ತಡ ಸೀಲನ್ನು ತಳ್ಳುತ್ತದೆ. ನಿಮ್ಮ ಹಳೆಯ ಸೀಲ್ ಸೋರಿದ್ದಕ್ಕೆ ಇದೇ ಕಾರಣ ಇರಬಹುದು. ಹೊಸ ಸೀಲನ್ನೂ ಅದು ಬಿಡುವುದಿಲ್ಲ, ಹಬ್ ಕಡೆ ಹೋದರೆ ಬ್ರೇಕ್ ಲೈನರ್ ಒದ್ದೆಯಾಗುತ್ತದೆ. ಮಳೆಗಾಲದಲ್ಲಿ ಉಲ್ಟಾ ಕೆಲಸ. ಕಾದ ಹೌಸಿಂಗ್ ನೀರು ನಿಂತ ರಸ್ತೆಗೆ ಇಳಿದರೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಸೀಲಿನ ತುಟಿಯಿಂದ ನೀರನ್ನೇ ಹೀರಿಕೊಳ್ಳುತ್ತದೆ. ಡ್ರೈನ್ ಮಾಡಿದಾಗ ಆಯಿಲ್ ಹಾಲು ಹಾಕಿದ ಚಾ ಬಣ್ಣದಲ್ಲಿ ಬಂದರೆ ಅದೇ. ಮಲ್ಪೆಯ ಮೀನಿನ ಗಾಡಿಗಳಲ್ಲಿ ಉಪ್ಪುನೀರು ಸೇರಿ ಇನ್ನೂ ಬೇಗ ತಿನ್ನುತ್ತದೆ. ಟೋಪಿ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಬಾಯಿಯಿಂದ ಊದಿ ನೋಡಿ.

ಎಲ್ಲ ಮುಗಿದ ಮೇಲೆ ಖಾಲಿ ಗಾಡಿಯನ್ನು 40ರ ಒಳಗೆ 10 ಕಿ.ಮೀ. ಓಡಿಸಿ ನಿಲ್ಲಿಸಿ. ಮೂತಿ ಮುಟ್ಟಿ ನೋಡಿ, ಹೊಟ್ಟೆ ಮುಟ್ಟಿ ನೋಡಿ. ಎರಡೂ ಹೆಚ್ಚು ಕಡಿಮೆ ಒಂದೇ ಬಿಸಿ ಇರಬೇಕು. ತಣಿದ ಮೇಲೆ ಮತ್ತೆ ಓಡಿಸಿ. ಆಮೇಲೆ ಒಂದು ವಾರ ಅರ್ಧ ಲೋಡು, 500 ಕಿ.ಮೀ. ಆದ ಮೇಲೆ ಆಯಿಲ್ ಬದಲಿಸಿ. ಡ್ರೈನ್ ಪ್ಲಗ್‌ನ ಅಯಸ್ಕಾಂತದಲ್ಲಿ ಬೂದಿಯ ಹಾಗಿರುವ ನುಣ್ಣಗಿನ ಪುಡಿ ಇದ್ದರೆ ಚಿಂತೆ ಬೇಡ, ಚೂರು ಸಿಕ್ಕರೆ ಮತ್ತೆ ಬಿಚ್ಚಬೇಕು.

ಹೊಸ ಕ್ರೌನ್ ಪಿನಿಯನ್ ಯಾವಾಗ ಅಂದರೆ, ಹಲ್ಲಿನ ಮುಖದಲ್ಲಿ ಗುಳಿ ಬಿದ್ದಿದ್ದರೆ, ಅಂಚು ಮುರಿದಿದ್ದರೆ, ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಇದ್ದರೆ. ಆಗ ಜೋಡಿ ಸೆಟ್ ಮಾತ್ರ ತನ್ನಿ. ಹಲ್ಲು ನಯವಾಗಿದ್ದು, ಬಿಸಿಯೂ ಹೋಗಿ, 50ರ ಹತ್ತಿರ ಸಣ್ಣಗೆ ಒಂದು ಗುನುಗು ಉಳಿದರೆ ನಾನಾಗಿದ್ದರೆ ಹಾಗೆಯೇ ಓಡಿಸುತ್ತಿದ್ದೆ. ಹಳೆಯ ಗಾಡಿ ಅಲ್ವಾ, ಸ್ವಲ್ಪ ಮಾತಾಡಲಿ.

ತಕ್ಕಡಿಯಲ್ಲಿ ಎಷ್ಟು ಕಿಲೋ ಬಂತು, ಆ ಶಿಮ್ ಯಾವ ಮೆಟ್ಟಿಲಲ್ಲಿ ನಿಂತಿತು ಅಂತ ಬರೆದು ಕಳಿಸಿ. ಹಲ್ಲಿನ ಮಾರ್ಕಿನ ಫೋಟೋ ಇದ್ದರೆ ಹಗಲು ಬೆಳಕಿನಲ್ಲಿ ತೆಗೆಯಿರಿ, ಎರಡೂ ಮುಖದ್ದು.